ನೋವು ಬದಲಾವಣೆಗೆ ಎರಡು ದಿನ

ನಮ್ಮ ಊರಿನಲ್ಲಿ ಬಸ್ಸಿನಿಂದ ಇಳಿದವರನ್ನು ಯಾರೂ "ಚೆನ್ನಾಗಿದ್ದೀರಾ?" ಎಂದು ಕೇಳುವುದಿಲ್ಲ. ಚೆನ್ನಾಗಿರುವವರಿಗೆ ಇಲ್ಲಿ ಕೆಲಸವೂ ಇಲ್ಲ. ಮೂಟೆ ಹೊರುವವನಿಂದ ಹಿಡಿದು ಹೋಟೆಲಿನ ಗಲ್ಲಾದಲ್ಲಿ ಕೂತವರವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: "ಏನು ತಂದಿದ್ದೀರಿ?" ಬಂದವರು ನಾಚಿಕೊಳ್ಳದೆ ಹೇಳುತ್ತಾರೆ. ಒಬ್ಬರು ಎಡಮೊಣಕಾಲು ತಂದಿರುತ್ತಾರೆ, ಇನ್ನೊಬ್ಬರು ಹುಳಿತೇಗು, ಮತ್ತೊಬ್ಬರು ಆರು ವರ್ಷ ಸಾಕಿದ ಕೆಮ್ಮು. ಬಿಸಿನೀರಿನ ಕೊಳಕ್ಕೆ ಇಬ್ಬಿಬ್ಬರಾಗಿ ಇಳಿಯುತ್ತಾರೆ. ಮೊಣಕಾಲಿನವರು ಕೆಮ್ಮುತ್ತಾ ಮೇಲೆ ಬರುತ್ತಾರೆ, ಕೆಮ್ಮಿನವರು ಕುಂಟುತ್ತಾ. ಇಬ್ಬರ ಮುಖದಲ್ಲೂ ಹೊಸ ಬಟ್ಟೆ ಉಟ್ಟವರ ಕಳೆ ಇರುತ್ತದೆ. ಎರಡು ದಿನ ಇದ್ದು, ಹೊಸ ನೋವಿನ ಮಾತಾಡಿಕೊಂಡು, ಸಂತೋಷವಾಗಿ ಹೊರಟುಹೋಗುತ್ತಾರೆ.

ನಮ್ಮದು ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಅರಸರ ಕಾಲದ್ದು. ಯಾವ ಅರಸ ಎಂಬುದರಲ್ಲಿ ಮಾತ್ರ ನಮ್ಮಲ್ಲಿ ಎರಡು ಪಕ್ಷಗಳಿವೆ. ಆತನಿಗೆ ಕಾಲುಬೇನೆ, ಆತನ ಮಂತ್ರಿಗೆ ಬಿಡದ ಬಿಕ್ಕಳಿಕೆ ಇತ್ತು ಎನ್ನುವುದನ್ನು ಎರಡೂ ಪಕ್ಷದವರು ಒಪ್ಪುತ್ತಾರೆ. ಬೇಟೆಗೆ ಬಂದವರು ಕೊಳಕ್ಕೆ ಇಳಿದರು. ಅರಸ ಬಿಕ್ಕಳಿಸುತ್ತಾ ಕುದುರೆ ಹತ್ತಿದ, ಮಂತ್ರಿ ಕುಂಟುತ್ತಾ ಹಿಂದೆ ಹೋದ. ಆ ಖುಷಿಗೆ ಅರಸ ಕೊಳದ ಸುತ್ತ ಕಲ್ಲಿನ ಮಂಟಪ ಕಟ್ಟಿಸಿದ. ಮಂತ್ರಿ ಏನನ್ನೂ ಕಟ್ಟಿಸಿದಂತೆ ದಾಖಲೆ ಇಲ್ಲ.

ನಾನು ಸೂರಪ್ಪ, ಕೊಳದ ಸಮಿತಿಯ ವಸತಿಗೃಹ ನೋಡಿಕೊಳ್ಳುವವನು. ನಾವು ಊರಿನವರು ಕೊಳಕ್ಕೆ ಇಳಿಯುವುದಿಲ್ಲ. ಹಿರಿಯರು ಹಾಗೆ ನಡೆಸಿಕೊಂಡು ಬಂದಿದ್ದಾರೆ. ಅತಿಥಿಗಳನ್ನು ಕರೆದುಕೊಂಡು ಹೋಗುವುದು, ಅವರ ಹೊಸ ನೋವಿಗೆ ತಕ್ಕ ಅನುಕೂಲ ಮಾಡಿಕೊಡುವುದು, ಇದು ನನ್ನ ಕೆಲಸ. ಹಜಾರದ ಒಂದು ಮೂಲೆಯ ತುಂಬ, ಜನ ಬಿಟ್ಟುಹೋದ ಊರುಗೋಲುಗಳಿವೆ, ಕಾಲುನೋವು ಸಿಕ್ಕವರು ಅದರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಹೊಟ್ಟೆಯುರಿ ಬಂದವರಿಗೆ ಅಡುಗೆಯವರು ಖಾರ ಕಡಿಮೆ ಮಾಡುತ್ತಾರೆ, ಹೊಟ್ಟೆಯುರಿ ಹೋದವರಿಗೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಾರೆ. ಕೊಳದ ಬಾಗಿಲಲ್ಲಿ ಡಾಕ್ಟರು ಕೂತು, ದೊಡ್ಡ ಕಾಯಿಲೆ ಹೊತ್ತು ಬಂದವರಿಗೆ ಕೈಮುಗಿದು ವಾಪಸು ಕಳಿಸುತ್ತಾರೆ. ನಮ್ಮದು ಸಣ್ಣಪುಟ್ಟ ನೋವುಗಳ ಊರು.

ಈಚೆಗೆ ಬರುವವರು ಕಡಿಮೆಯಾಗಿದ್ದರು. ಸಮಿತಿಯ ಅಧ್ಯಕ್ಷ ನಿಂಗರಾಜಪ್ಪನವರು ನನ್ನನ್ನು ಕರೆದು, "ನೋಡು ಸೂರಪ್ಪ, ಜನ ಎರಡು ದಿನ ರಜ ಸಿಕ್ರೆ ದೋಣಿ ಇರೋ ಕಡೆ ಹೋಗ್ತಾರೆ, ರೋಪ್‌ವೇ ಇರೋ ಕಡೆ ಹೋಗ್ತಾರೆ. ನಮ್ಮೂರಿಗೇ ಯಾಕೆ ಬರಬೇಕು ಅಂತ ಒಂದು ಹತ್ತು ಕಾರಣ ಬರಿ, ಕರಪತ್ರ ಹಂಚೋಣ" ಎಂದರು. ನನಗೆ ಹೊಳೆದದ್ದು ಏಳೇ. ಅರಸರ ಕಾಲದ ಮಂಟಪ, ಗುಡ್ಡದ ಮೇಲಿನ ಮುನ್ನೂರು ಮೆಟ್ಟಿಲ ನೋಟ, ಬೆಳಗಿನ ಬಿಸಿ ಇಡ್ಲಿ, ಹೀಗೆ. ಏಳನೆಯದಾಗಿ, ಹವಾ ಬದಲಾವಣೆಗೆ ಯಾವ ಊರಿಗೆ ಬೇಕಾದರೂ ಹೋಗಬಹುದು, ನೋವು ಬದಲಾವಣೆಗೆ ನಮ್ಮ ಊರೊಂದೇ ಎಂದು ಬರೆದೆ. ಅಧ್ಯಕ್ಷರು ತುಂಬ ಮೆಚ್ಚಿಕೊಂಡರು. ಉಳಿದ ಮೂರು ಕಾರಣದ ಜಾಗದಲ್ಲಿ ತಮ್ಮ ಫೋಟೋ ಹಾಕಿಸಿದರು.

ಆ ಕರಪತ್ರ ಹಿಡಿದುಕೊಂಡು ಬಂದ ಮೊದಲನೆಯವರು ತುಳಸಮ್ಮ. ಅರವತ್ತರ ಹತ್ತಿರದ ಹೆಂಗಸು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬುತ್ತಿ, ಹೆಗಲಲ್ಲಿ ಫ್ಲಾಸ್ಕು. ಅವರ ಹಿಂದೆ, ಹಣೆಗೆ ಶುಂಠಿಪಟ್ಟು ಹಾಕಿ ಬಿಳಿ ಬಟ್ಟೆ ಬಿಗಿದುಕೊಂಡು, ಬರಿಗೈಯಲ್ಲಿ, ಮೆರವಣಿಗೆಯ ದೇವರ ಹಾಗೆ ನಿಧಾನವಾಗಿ ಬಂದವರು ಅವರ ಯಜಮಾನರು, ನಿವೃತ್ತ ಹೆಡ್‌ಮಾಸ್ಟರು ವೆಂಕೋಬರಾಯರು.

"ಏನು ತಂದಿದ್ದೀರಿ?" ಎಂದು ಕೇಳಿದೆ.

"ತಲೆನೋವು," ಎಂದರು ರಾಯರು. "ಮೂವತ್ತನಾಲ್ಕು ವರ್ಷದ್ದು. ಸ್ವಲ್ಪ ಮೆತ್ತಗೆ ಮಾತಾಡಿ."

"ತಾವು?" ಎಂದು ತುಳಸಮ್ಮನವರ ಕಡೆ ತಿರುಗಿದೆ.

"ನಂದೇನಿಲ್ಲಪ್ಪ. ನಾನು ಗಟ್ಟಿ."

"ಅವಳಿಗೆ ಏನೂ ಆಗಲ್ಲ," ಎಂದು ರಾಯರೂ ಸಾಕ್ಷಿ ಹೇಳಿದರು. ಅದರಲ್ಲಿ ಸ್ವಲ್ಪ ದೂರೂ ಇತ್ತು.

ಗಾಳಿ ಬೇಕೆಂದು ರಾಯರು ಮಹಡಿಯ ಕೋಣೆ ಕೇಳಿದರು. ಗಾಳಿ ಬಂದಮೇಲೆ ಬೆಳಕು ಹೆಚ್ಚಾಯಿತೆಂದು ಕಿಟಕಿ ಮುಚ್ಚಿಸಿದರು. ಹಜಾರದ ಗಡಿಯಾರದ ಟಿಕ್‌ಟಿಕ್ ಮೆಟ್ಟಿಲು ಹತ್ತಿ ಬರುತ್ತದೆ ಎಂದು ಹೇಳಿಕಳಿಸಿದ್ದರಿಂದ ನಾನು ಅದನ್ನು ನಿಲ್ಲಿಸಿದೆ. ಆ ಸಾಯಂಕಾಲ ತುಳಸಮ್ಮ ಕಾಫಿಗೆ, ಬಿಸಿನೀರಿಗೆ, ಶುಂಠಿ ತೇಯುವುದಕ್ಕೆ, ಕಾಫಿ ಆರಿತೆಂದು ಮತ್ತೆ ಕಾಫಿಗೆ ಮೆಟ್ಟಿಲು ಹತ್ತಿ ಇಳಿದರು. ಇಳಿಯುವಾಗ ಅವರು ನೇರವಾಗಿ ಇಳಿಯುತ್ತಿರಲಿಲ್ಲ. ಗೋಡೆಗೆ ಕೈಕೊಟ್ಟು ಅಡ್ಡವಾಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ತಂದುಕೊಂಡು ಇಳಿಯುತ್ತಿದ್ದರು. ಸೀರೆ ತೊಡರುತ್ತದೇನೋ ಎಂದುಕೊಂಡೆ.

ಕೊನೆಗೊಮ್ಮೆ ಬಿಡುವಾಗಿ ಜಗಲಿಯ ಮೇಲೆ ಕೂತವರು ಕರಪತ್ರ ತೆಗೆದು ತೋರಿಸಿದರು. "ಇದನ್ನ ಬರೆದೋರು ನೀವೇನಾ?"

"ನಾನೇ ತಾಯಿ."

"ಹಾಗಾದ್ರೆ ಒಂದು ವಿಷಯ ಸರಿಯಾಗಿ ಹೇಳಿ. ನೋವು ಒಬ್ಬರಿಂದ ಒಬ್ಬರಿಗೆ ಹೋಗುವಾಗ ಅಷ್ಟಕ್ಕಷ್ಟೇ ಹೋಗುತ್ತಾ? ದಾರೀಲಿ ಹೆಚ್ಚುಕಮ್ಮಿ ಆಗಲ್ವಾ?"

"ಗುಲಗಂಜಿಯಷ್ಟೂ ಆಗಲ್ಲ," ಎಂದೆ. ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಅವರು ಕರಪತ್ರವನ್ನು ಮಡಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಆಮೇಲೆ ಹಪ್ಪಳದ ಹದ ಹೇಳುವವರ ಹಾಗೆ, ಯಾವ ಏರಿಳಿತವೂ ಇಲ್ಲದೆ ಹೇಳಿದರು. "ಹನ್ನೊಂದು ವರ್ಷದ ಹಿಂದೆ ನಮ್ಮಮ್ಮ ಹೋದ್ಲು. ಬೆಳಿಗ್ಗೆ ಏಳು ಗಂಟೆಗೆ ಸುದ್ದಿ ಬಂತು. ಒಂಬತ್ತಕ್ಕೆ ನಮ್ಮೂರಿಗೆ ಬಸ್ಸಿತ್ತು. ಇವರಿಗೆ ತಲೆನೋವು. ಎದ್ದು ಕೂರೋಕೂ ಆಗಲ್ಲ ಅಂದ್ರು. ನಾನೊಬ್ಬಳೇ ಹೋಗ್ತೀನಿ ಅಂದೆ. ಈ ಸ್ಥಿತೀಲಿ ನನ್ನ ಬಿಟ್ಟು ಹೋಗ್ತೀಯಾ ಅಂದ್ರು. ಮಧ್ಯಾಹ್ನದ ಬಸ್ಸಿಗೆ ಇನ್ನೂ ಜಾಸ್ತಿ ಆಯ್ತು. ಮಾರನೇ ದಿನ ಹೋದಾಗ ತಂಗಿ ಬೂದಿ ತೋರಿಸಿದಳು. ಆವತ್ತಿಂದ ಅವಳೂ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ."

ನಾನು ಒಳಗಿನಿಂದ ಒಂದು ಲೋಟ ನೀರು ತಂದು ಅವರ ಪಕ್ಕದಲ್ಲಿಟ್ಟೆ.

"ಅವರು ಸುಳ್ಳು ಹೇಳಿದ್ರು ಅಂತ ನಾನು ಅನ್ನಲ್ಲ," ಎಂದರು. "ನಿಜವಾಗ್ಲೂ ಅಷ್ಟು ನೋವಿದ್ರೆ ನಾನು ಇಷ್ಟು ವರ್ಷ ಮನಸ್ಸಲ್ಲಿ ಬೈದುಕೊಂಡಿದ್ದು ಪಾಪ. ಎಷ್ಟಿದೆ ಅಂತ ಒಂದ್ಸಲ ಗೊತ್ತಾಗಬೇಕು. ಅಷ್ಟೇ."

ಮೇಲಿನಿಂದ ಕೈಗಂಟೆಯ ಸದ್ದಾಯಿತು. ರಾಯರು ಊರಿನಿಂದಲೇ ತಂದಿದ್ದ ಗಂಟೆ. ತುಳಸಮ್ಮ ಎದ್ದುಹೋದರು.

ಮಾರನೆಯ ಬೆಳಿಗ್ಗೆ ಕೊಳದ ಹತ್ತಿರ ಹತ್ತು ಹನ್ನೆರಡು ಜನ ಸೇರಿದ್ದರು. ಯಾರ ಜೊತೆ ಯಾರು ಇಳಿಯಬೇಕೆಂದು ತೀರ್ಮಾನಿಸುವವಳು ದುಗ್ಗಮ್ಮ. ಮೂವತ್ತು ವರ್ಷದಿಂದ ಅವಳದೇ ಕೆಲಸ. ಜನರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನೋವಿಗೆ ನೋವು ಸಮ ಹೊಂದಿಸುತ್ತಾಳೆ. ಅವಳು ಜೋಡಿಸಿದ ಮೇಲೆ ಮೋಸವಾಯಿತೆಂದು ಯಾರೂ ಜಗಳಕ್ಕೆ ಬಂದದ್ದಿಲ್ಲ. ರಾಯರಿಗೆಂದು ಅವಳು ಒಬ್ಬ ಬೆಲ್ಲದ ವ್ಯಾಪಾರಿಯ ದವಡೆಹಲ್ಲು ತೆಗೆದಿರಿಸಿದ್ದಳು.

"ಅವರ ಜೊತೆ ನಾನು ಇಳೀತೀನಿ," ಎಂದರು ತುಳಸಮ್ಮ.

"ಗಂಡ ಹೆಂಡ್ತೀನ ನಾನು ಜೋಡಿ ಮಾಡಲ್ಲ ತಾಯಿ," ಎಂದಳು ದುಗ್ಗಮ್ಮ. "ಮನೇಲಿರೋದು ಮನೇಲೇ ಸುತ್ತಾಡಿದ್ರೆ ನೀವು ಇಷ್ಟು ದೂರ ಬಂದು ಏನು ಬಂತು? ಅಲ್ದೆ ನಿಮಗೆ ಏನೂ ಇಲ್ಲ ಅಂತ ಸೂರಪ್ಪ ಬರೆಸವ್ನೆ. ನೋವಿಲ್ದೋರನ್ನ ಇಳಿಸಂಗಿಲ್ಲ."

ರಾಯರಿಗೂ ಕಳವಳವಾಯಿತು. "ಬೇಡ ಕಣೇ. ನೀನು ತಡಕೊಳ್ಳಲ್ಲ. ಗಂಡಸು ನನ್ನ ಕೈಲೇ ಆಗಲ್ಲ."

"ಒಂದ್ಸಲ ನೋಡ್ತೀನಿ ಬಿಡ್ರೀ," ಎಂದು ತುಳಸಮ್ಮ ಮೆಟ್ಟಿಲ ಕಡೆ ನಡೆದೇಬಿಟ್ಟರು. ಕಲ್ಲಿಗೆ ಕೈಕೊಟ್ಟು, ಅಡ್ಡವಾಗಿ, ಒಂದು ಮೆಟ್ಟಿಲು ಇಳಿದರು. ದುಗ್ಗಮ್ಮ ಅವರ ಪಾದಗಳನ್ನೇ ನೋಡುತ್ತಿದ್ದಳು. ಎರಡನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವಳು ಬೆಲ್ಲದ ವ್ಯಾಪಾರಿಗೆ ಪಕ್ಕಕ್ಕೆ ಕೂರಲು ಸನ್ನೆ ಮಾಡಿ, "ಇಳೀರಿ ಸ್ವಾಮಿ, ನೀವೂ ಇಳೀರಿ," ಎಂದಳು.

ಇಬ್ಬರೂ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರು. ದುಗ್ಗಮ್ಮ ನೂರೊಂದು ಎಣಿಸಿದಳು. ಹಬೆಯಲ್ಲಿ ಅವರ ಎರಡು ತಲೆಗಳು ಮಾತ್ರ, ಒಂದನ್ನೊಂದು ನೋಡದೆ, ಮಂಟಪದ ಕಂಬಗಳನ್ನು ನೋಡುತ್ತಿದ್ದವು. ಎಣಿಕೆ ಮುಗಿದ ಮೇಲೆ ತುಳಸಮ್ಮ ಮೊದಲು ಮೇಲೆ ಬಂದು, ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು.

ರಾಯರು ನೀರಿನಲ್ಲೇ ನಿಂತು ಹಣೆಯ ಬಟ್ಟೆ ಬಿಚ್ಚಿದರು. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದರು. "ನೋಡಿದ್ಯಾ?" ಎಂದರು, ಕರುಣೆಯಿಂದ. "ಆಗಲ್ಲ ಅಂತ ಹೇಳಿದ್ನಲ್ಲ." ಹೇಳುತ್ತಾ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟವರು, ಮಂಟಪದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರುವಂತೆ ಕೂಗಿಕೊಂಡು ಅಲ್ಲೇ ಕುಸಿದರು.

"ಅಯ್ಯಯ್ಯೋ! ಹಿಮ್ಮಡಿ! ಯಾರೋ ಮೊಳೆ ಹೊಡೆದರು! ಸೊಂಟ! ಸೊಂಟದ ತನಕ ಬಂತು!"

ನಾನೂ ಬೆಲ್ಲದ ವ್ಯಾಪಾರಿಯೂ ತೋಳು ಹಿಡಿದು ಮೇಲೆ ತಂದೆವು. ಹೆಜ್ಜೆ ಹೆಜ್ಜೆಗೂ ಕೂಗು. "ಇದು ಯಾರದ್ದು? ಬೇರೆ ಯಾರೋ ನೀರಿಗೆ ಇಳಿದಿರಬೇಕು!" ಎಂದು ದುಗ್ಗಮ್ಮನ ಮೇಲೆ ಹರಿಹಾಯ್ದರು.

"ನಿಮ್ಮ ಮನೆಯೋರ್ದೇ ಸ್ವಾಮಿ," ಎಂದಳು ದುಗ್ಗಮ್ಮ.

"ಅವಳಿಗೆ ಏನೂ ಇಲ್ಲ ಅಂತಿದ್ದೀನಲ್ಲ!"

ತುಳಸಮ್ಮ ಕಣ್ಣು ಬಿಟ್ಟಿದ್ದರು. ಮೊದಲು ತಮ್ಮ ಪಾದಗಳನ್ನು ನೋಡಿಕೊಂಡರು. ಎದ್ದು ನಿಂತರು. ಬಲಗಾಲಿನ ಮೇಲೆ ಭಾರ ಹಾಕಿ ನೋಡಿದರು, ಎಡಗಾಲಿನ ಮೇಲೆ ಹಾಕಿ ನೋಡಿದರು. ಆಮೇಲೆ ಒದ್ದೆ ಸೀರೆಯಲ್ಲೇ ಕೊಳದ ಮೆಟ್ಟಿಲುಗಳನ್ನು ನೇರವಾಗಿ ಇಳಿದು ನೇರವಾಗಿ ಹತ್ತಿದರು. ಮತ್ತೆ ಇಳಿದರು, ಮತ್ತೆ ಹತ್ತಿದರು. ನಾಲ್ಕು ಸಲ. ಕೊನೆಗೆ ದುಗ್ಗಮ್ಮನ ಹತ್ತಿರ ಬಂದು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ, "ಅದು ನೋವಾ?" ಎಂದು ಕೇಳಿದರು.

"ಹೌದು ತಾಯಿ."

"ನಾನು ಎಲ್ಲರ ಕಾಲೂ ಹಾಗೇ ಇರುತ್ತೆ ಅಂದ್ಕೊಂಡಿದ್ದೆ."

ರಾಯರು ಹಿಮ್ಮಡಿ ಹಿಡಿದುಕೊಂಡೇ, ತಡೆಯಲಾರದೆ ಕೇಳಿದರು: "ತಲೆ? ತಲೆ ಹೇಗಿದೆ?"

ತುಳಸಮ್ಮ ಎರಡು ಬೆರಳಿನಿಂದ ಹಣೆ ಒತ್ತಿಕೊಂಡರು. ಉಪ್ಪು ಸಾಕೋ ಬೇಕೋ ಎಂದು ನೋಡುವವರ ಹಾಗೆ ಸ್ವಲ್ಪ ಹೊತ್ತು ಗಮನ ಕೊಟ್ಟರು. "ಇದೆ," ಎಂದರು. "ಸುಳ್ಳಲ್ಲ."

ರಾಯರು ಉಸಿರುಬಿಟ್ಟರು. "ಹೇಳಲಿಲ್ವಾ?"

"ಚೆನ್ನಾಗೇ ಇದೆ. ಕಣ್ಣಿನ ಹಿಂದೆ ಬಡೀತಿದೆ. ಪಾಪ ನಿಮಗೆ ಕಷ್ಟ ಆಗಿರುತ್ತೆ." ಹಣೆಯಿಂದ ಕೈ ತೆಗೆದರು. "ಆದ್ರೆ ಬಸ್ಸು ಹತ್ತಬಹುದಿತ್ತು ಕಣ್ರೀ."

ಅಲ್ಲಿದ್ದವರಿಗೆ ಯಾವ ಬಸ್ಸು ಎಂದು ತಿಳಿಯಲಿಲ್ಲ. ರಾಯರಿಗೆ ತಿಳಿಯಿತು. ಅವರು ಪಾದ ನೋಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದರು.

ಸುದ್ದಿ ಊರಿನಲ್ಲಿ ಹರಡುವುದಕ್ಕೆ ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಹೆಂಗಸರು ಬಾವಿಕಟ್ಟೆಯಲ್ಲಿ ನಿಂತು ಅದನ್ನೇ ಮಾತಾಡಿದರು. ಗಂಡಸರು ಆ ಮಾತು ಕೇಳಿಸದವರ ಹಾಗೆ ಓಡಾಡಿದರು. ಊಟಕ್ಕೆ ಹೋದಾಗ ನನ್ನ ಹೆಂಡತಿ ಸಾವಂತ್ರಿ ಅನ್ನ ಬಡಿಸುತ್ತಾ, "ನಿಮ್ಮ ಕುತ್ತಿಗೆ ಉಳುಕು ಹೇಗಿದೆ?" ಎಂದು ಕೇಳಿದಳು. ಹದಿನೈದು ದಿನದಿಂದ ಇಲ್ಲದ ಮೃದುತ್ವ ಅವಳ ದನಿಯಲ್ಲಿತ್ತು. ಊರಿನವರು ಕೊಳಕ್ಕೆ ಇಳಿಯಬಾರದು ಎಂದು ಹಿರಿಯರು ಮಾಡಿದ್ದು ಬರೀ ಬಾಯಿಮಾತು, ಎಲ್ಲೂ ಬರೆದಿಟ್ಟಿಲ್ಲ ಎಂಬುದು ಆಗ ನೆನಪಾಯಿತು. "ವಾಸಿಯಾಯ್ತು, ಬೆಳಿಗ್ಗೆಯಿಂದ ಇಲ್ಲವೇ ಇಲ್ಲ," ಎಂದು ಹೇಳಿ, ಊಟ ಮುಗಿದ ಕೂಡಲೆ ಹಿತ್ತಲಿನ ಒರಳನ್ನು ಅವಳು ಹೇಳಿದ ಜಾಗಕ್ಕೆ ಎತ್ತಿಟ್ಟೆ. ಅಧ್ಯಕ್ಷ ನಿಂಗರಾಜಪ್ಪನವರು ಅಂದು ಸಾಯಂಕಾಲ ಸೌದೆ ಒಡೆಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ಆ ವಾರ ನಮ್ಮ ಊರಿನಲ್ಲಿ ಮೈಕೈ ನೋವಿದ್ದ ಗಂಡಸು ಒಬ್ಬನೂ ಇರಲಿಲ್ಲ.

ತುಳಸಮ್ಮ ಮಧ್ಯಾಹ್ನ ಮಲಗಲಿಲ್ಲ. ಹಣೆಗೆ ಒಂದು ಚೂರು ಶುಂಠಿ ತೇಯ್ದು ಹಚ್ಚಿಕೊಂಡು ಊರು ನೋಡಲು ಹೊರಟರು. ನನ್ನ ಕರಪತ್ರದಲ್ಲಿದ್ದ ಒಂದನ್ನೂ ಬಿಡಲಿಲ್ಲ. ಮಂಟಪದ ಕೆತ್ತನೆ ನೋಡಿದರು, ಬೆಳಿಗ್ಗೆ ಮಾತ್ರ ಸಿಗುವ ಇಡ್ಲಿಯನ್ನು ಸಾಯಂಕಾಲ ಮಾಡಿಸಿಕೊಂಡು ತಿಂದರು, ಗುಡ್ಡದ ಮುನ್ನೂರು ಮೆಟ್ಟಿಲು ಹತ್ತಿ ಇಳಿದು ಮಡಿಲ ತುಂಬ ಸೀಬೆಕಾಯಿ ತಂದರು. "ತಲೆ ಸಿಡೀತಿದೆ," ಎಂದು ನನಗೆ ಹೇಳಿ ಎರಡು ಸೀಬೆಕಾಯಿ ಕೊಟ್ಟರು. ಅವರ ಮುಖ ಕೆಂಪಾಗಿತ್ತು.

ಮೇಲಿನ ಕೋಣೆಯ ಗಂಟೆ ನಾಲ್ಕೈದು ಸಲ ಬಾರಿಸಿ ಸುಮ್ಮನಾಯಿತು. ಕಾಫಿಯನ್ನು ನಾನೇ ಒಯ್ದೆ. ರಾಯರು ಕಿಟಕಿ ತೆರೆದುಕೊಂಡು, ಕಾಲು ಚಾಚಿ ಕೂತಿದ್ದರು.

"ಇದನ್ನ ವಾಪಸು ಕೊಡೋಕೆ ಅವಕಾಶ ಇದೆಯೇನ್ರೀ?" ಎಂದರು.

ಇದೆ ಎಂದೆ. ಮಾರನೆಯ ದಿನ ಮಧ್ಯಾಹ್ನದೊಳಗೆ ಇಬ್ಬರೂ ಒಪ್ಪಿ ಮತ್ತೆ ಇಳಿದರೆ ಅವರವರದು ಅವರವರಿಗೆ.

"ನನ್ನದು ನನಗೆ ಇರಲಿ. ಮೂವತ್ತನಾಲ್ಕು ವರ್ಷ ನೋಡಿಕೊಂಡಿದ್ದೀನಿ, ಅದರ ಸ್ವಭಾವ ಗೊತ್ತು. ಇದು... ಇದು ಮನುಷ್ಯರು ಇಟ್ಟುಕೊಳ್ಳೋ ಅಂಥದ್ದಲ್ಲ." ಕಾಫಿ ಲೋಟ ಹಿಡಿದು ಬಹಳ ಹೊತ್ತು ಕುಡಿಯಲಿಲ್ಲ. "ಎಷ್ಟು ವರ್ಷದ್ದಿರಬಹುದು?"

"ದುಗ್ಗಮ್ಮನ ಪ್ರಕಾರ ಮೂವತ್ತಾದರೂ ಆಗಿರಬೇಕಂತೆ."

"ನಮ್ಮನೇಲೂ ನನ್ನ ಕೋಣೆ ಮಹಡಿ ಮೇಲಿದೆ," ಎಂದರು ರಾಯರು.

ವಿಷಯ ತಿಳಿಸಿದಾಗ ತುಳಸಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಅವರ ಕೈಲಿ ಆಗಲ್ಲ ಅಂದ್ರೆ ಕೊಡಲಿ. ನನಗೆ ಅಭ್ಯಾಸ ಇದೆ," ಎಂದರು. ಆಮೇಲೆ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆದಾಡಿದರು. ನಾಳೆಯಿಂದ ಬಾಗಿಲು ಹಾಕುವ ಅಂಗಡಿಗೆ ಇವತ್ತೇ ಹೋಗಿಬರುವವರ ಹಾಗೆ ಇತ್ತು ಆ ನಡಿಗೆ. "ವಾಪಸು ಹೋಗುವಾಗ ನಾನು ನಮ್ಮ ತವರೂರಿನ ಬಸ್ಸು ಹತ್ತುತ್ತೀನಿ. ತಂಗೀನ ನೋಡಬೇಕು. ಅವರಿಗೂ ಹೇಳಿದ್ದೀನಿ," ಎಂದರು.

ಎರಡನೆಯ ಬೆಳಿಗ್ಗೆ ಕೊಳದ ಸುತ್ತ ಊರಿಗೆ ಊರೇ ಇತ್ತು. ಸಾವಂತ್ರಿಯೂ ಬಂದಿದ್ದಳು, ನನ್ನ ಪಕ್ಕದಲ್ಲೇ ನಿಂತಿದ್ದಳು. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದರು. ತುಳಸಮ್ಮ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು, ಪಾತ್ರೆ ಈಸಿಕೊಳ್ಳಲು ನಿಂತವರಂತೆ ಕಾಯುತ್ತಿದ್ದರು. ರಾಯರು ಊರುಗೋಲಿನ ಮೇಲೆ ಬಂದರು. ಎರಡು ಮೆಟ್ಟಿಲು ಇಳಿದರು. ಅಡ್ಡವಾಗಿ ಇಳಿದರು, ಕಲ್ಲಿಗೆ ಕೈಕೊಟ್ಟು, ಒಂದೊಂದು ಮೆಟ್ಟಿಲಿಗೆ ಎರಡೂ ಪಾದ ತಂದುಕೊಂಡು. ಹಾಗೆ ಇಳಿಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ನೀರನ್ನು ನೋಡಿದರು. ಹೆಂಡತಿಯ ಕಾಲು ಮುಳುಗಿದ ಜಾಗವನ್ನು ನೋಡಿದರು.

"ಇಳೀರಿ ಸ್ವಾಮಿ, ಹೊತ್ತಾಗ್ತದೆ," ಎಂದಳು ದುಗ್ಗಮ್ಮ.

"ಬನ್ರೀ," ಎಂದರು ತುಳಸಮ್ಮ. "ನನಗೇನೂ ಬೇಜಾರಿಲ್ಲ."

ರಾಯರು ಗಂಟಲು ಸರಿಮಾಡಿಕೊಂಡರು. "ನೀನೇನೋ ಹೇಳಿಬಿಟ್ಟೆ. ನಾನು ತಂದಿರೋದು ಎರಡೇ ಪಂಚೆ. ನಿನ್ನೆ ಒದ್ದೆಯಾಗಿದ್ದು ಇನ್ನೂ ಒಣಗಿಲ್ಲ. ಇದೂ ಒದ್ದೆಯಾದ್ರೆ, ಒದ್ದೆ ಪಂಚೆ ಉಟ್ಟುಕೊಂಡು ನಿನ್ನ ತಂಗಿ ಮನೆಗೆ ಬರಲಾ?"

"ಬಿಸಿಲಿದೆ ಯಜಮಾನ್ರೇ, ಒಂದು ಗಂಟೇಲಿ ಒಣಗ್ತದೆ," ಎಂದು ನಿಂಗರಾಜಪ್ಪನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ನಿಮಗೆ ಗೊತ್ತಾಗಲ್ಲ, ಇದು ದಪ್ಪ ಪಂಚೆ," ಎಂದು ರಾಯರು ರೇಗಿದರು. ರೇಗಿಕೊಂಡೇ ತಿರುಗಿ, "ಅಮ್ಮಾ" ಎಂದು ಒಂದು, "ಅಪ್ಪಾ" ಎಂದು ಇನ್ನೊಂದು ಮೆಟ್ಟಿಲು ಹತ್ತಿದರು. ತುಳಸಮ್ಮ ನೀರಿನಲ್ಲೇ ನಿಂತಿದ್ದರು. ಆಮೇಲೆ ಸೀರೆಯ ಅಂಚು ಹಿಂಡಿಕೊಂಡು ಮೇಲೆ ಬಂದರು, ನೇರವಾಗಿ.

ನಾನು ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ರಾಯರು ದೊಡ್ಡ ಮನಸ್ಸು ಮಾಡಿದ್ದು ನಿಜ, ಆದರೆ ಅದು ಮೂರು ಬೀದಿಯಾಚೆಗೂ ಕೇಳಿಸುತ್ತಿತ್ತು. ಕಲ್ಲು ಸಿಕ್ಕರೆ ನಿಂತು ಕೂಗಿದರು, ಹಳ್ಳ ಸಿಕ್ಕರೆ ನಿಂತು ಮುನಿಸಿಪಾಲಿಟಿಯನ್ನು ಬೈದರು, ಸಮನೆಲ ಸಿಕ್ಕರೆ ನೋವು ಯಾವ ನರದಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ವಿವರಿಸಿದರು. ಮುಂದಿನ ಮೂವತ್ತು ವರ್ಷ ಇದನ್ನೆಲ್ಲ ತುಳಸಮ್ಮನೇ ಕೇಳಬೇಕಲ್ಲ ಎಂದು ನನಗೆ ಮರುಕವಾಯಿತು. ಅವರು ಮಾತ್ರ ಹತ್ತು ಹೆಜ್ಜೆ ಮುಂದಿದ್ದರು, ಮಾತು ತಲುಪದಷ್ಟು ಮುಂದೆ, ಕೈಯಲ್ಲಿ ಸೀಬೆಕಾಯಿಯ ಚೀಲ ಆಡಿಸಿಕೊಂಡು.

ಬಸ್ಸಿನಲ್ಲಿ ತುಳಸಮ್ಮ ಕಿಟಕಿಯ ಪಕ್ಕ ಕೂತರು. ರಾಯರು ಕಾಲನ್ನು ನಡುದಾರಿಗೆ ಚಾಚಿ ಈಚೆ ಕೂತರು. ನಾನು ಟ್ರಂಕು ಸೀಟಿನ ಕೆಳಗೆ ತಳ್ಳಿ ನೋಡುವಷ್ಟರಲ್ಲಿ ತುಳಸಮ್ಮ ಕಂಬಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಬಿಸಿಲು ಅವರ ಹಣೆಯ ಮೇಲೇ ಬೀಳುತ್ತಿತ್ತು. ರಾಯರು ಎದ್ದರೆ ನೋವು, ಏಳದಿದ್ದರೆ ಬಿಸಿಲು ಎಂದು ಸ್ವಲ್ಪ ಹೊತ್ತು ಲೆಕ್ಕ ಹಾಕಿದಂತೆ ಕಂಡಿತು. ಕೊನೆಗೆ ಹಲ್ಲು ಕಚ್ಚಿ ಎದ್ದು, ಆಕೆಯ ಮೇಲಿಂದ ಕೈಚಾಚಿ, ಕಿಟಕಿಯ ತಗಡನ್ನು ಇಳಿಸಿ, ನರಳುತ್ತಾ ಕೂತುಕೊಂಡರು.

ಕಂಡಕ್ಟರು ಚಾಚಿದ ಕಾಲನ್ನು ದಾಟಲಾರದೆ ನಿಂತ. "ಏನಾಯ್ತು ಯಜಮಾನ್ರೇ ಕಾಲಿಗೆ? ಬಿದ್ರಾ?"

"ಬೀಳಲಿಲ್ಲಪ್ಪ," ಎಂದರು ರಾಯರು. "ಹಳೇದು. ಮೂವತ್ತು ವರ್ಷದ್ದು." ಆಮೇಲೆ, ನಿದ್ದೆ ಕೆಡಬಾರದೆಂದು ದನಿ ತಗ್ಗಿಸಿ, ಗದ್ದದಿಂದ ಪಕ್ಕಕ್ಕೆ ತೋರಿಸಿದರು. "ಇವಳದು."